ಒಂದು ಬಿಸ್ಕತ್ತಿಗೆ ಎರಡು ಗ್ರಾಂ

…ಐದಲ್ಲ ಅಕ್ಕಾ, ಒಂಬತ್ತು. ಐದು ಅನ್ನೋದು ಅದರ ಕೆಳಗಿನ ಸಾಲು, ನಾರಿನಂಶದ್ದು. ನನ್ನ ಕಣ್ಣು ಜಾರಿಬಿಡ್ತು. ತಿದ್ದಿಕೋ. ಡಬ್ಬಿ ಬಟಾಣಿ, ನೂರು ಗ್ರಾಂಗೆ ಒಂಬತ್ತು ಕಾರ್ಬು, ಅದೇ ಸಕ್ಕರೆ ಆಗೋ ಅಂಶ. ನೀನು ತಿನ್ನೋದು ಅದರಲ್ಲಿ ಅರ್ಧ, ಅಂದ್ರೆ ನಾಲ್ಕೂವರೆ. ಬರೆದೆಯಾ? ನಿಧಾನವಾಗಿ ಬರಿ, ನಿನಗೆ ಕಾಣದ ಸಣ್ಣ ಅಕ್ಷರ ಓದೋಕೆ ನಾನಿದ್ದೀನಲ್ಲ, ಅವಸರ ಏನಿಲ್ಲ. ಭಾನುವಾರ ಮಧ್ಯಾಹ್ನ, ನನ್ನನ್ನ ಯಾರು ಕಾಯ್ತಾ ಕೂತಿದ್ದಾರೆ?

ಯಾಕೆ ಹಾಗೆ ನೋಡ್ತೀಯ? ಇಪ್ಪತ್ತಾರು ವರ್ಷ ಲೇಬಲ್ ಅಂಟಿಸೋ ಮಷೀನಿನ ಮುಂದೆ ನಿಂತವನಿಗೆ ಲೇಬಲ್ ಓದೋಕೆ ಬರಲ್ವಾ ಅಂತಾನಾ? ಅಂಟಿಸೋನು ಓದಲ್ಲ ಅಕ್ಕಾ. ನಿಮಿಷಕ್ಕೆ ನಲವತ್ತು ಪೊಟ್ಟಣ ಮುಂದೆ ಹಾದು ಹೋಗುತ್ತೆ. ನೇರವಾಗಿ ಕೂತಿದೆಯಾ, ಸುಕ್ಕಾಗಿದೆಯಾ, ಅಷ್ಟೇ ನಮ್ಮ ಕೆಲಸ. ಒಳಗೆ ಏನು ಬರೆದಿದ್ದಾರೆ ಅಂತ ನೋಡೋಕೆ ಪುರುಸೊತ್ತೆಲ್ಲಿ?

ಮುಂದಿನದು ಕೊಡು. ಇದು ಚೀಸು. ಒಂದು ಹಾಳೆಗೆ ಅರ್ಧ ಗ್ರಾಂ. ಒಳ್ಳೇ ವಸ್ತು, ಭಯ ಇಲ್ಲದೆ ತಿನ್ನಬಹುದು. ಇದು ಸಾಸಿವೆ ಸಾಸು… ಅಬ್ಬಾ, ಇರುವೆ ಸಾಲು ಹೋದ ಹಾಗೆ ಅಕ್ಷರ. ಆ ಭೂತಗನ್ನಡಿ ಇತ್ತ ತಳ್ಳು. ಒಂದು ಚಮಚಕ್ಕೆ ಮೂರು. ನೋಡು, ಖಾರದ ಸಾಸಿಗೂ ಸಕ್ಕರೆ ಸುರೀತಾರೆ ಪುಣ್ಯಾತ್ಮರು. ಇನ್ನು ಮೇಲೆ ಉಪ್ಪಿನ ಪೊಟ್ಟಣ ತಂದ್ರೂ ತಿರುಗಿಸಿ ಅದರ ಬೆನ್ನು ಓದಬೇಕು.

ನಗಲಿಲ್ಲ ನೀನು. ಹೋದ ವಾರ ಇದೇ ಮಾತಿಗೆ ನಕ್ಕಿದ್ದೆ.

ಬಂದಾಗಿಂದ ನಾನೊಬ್ಬನೇ ವಟಗುಟ್ಟುತ್ತಾ ಇದೀನಿ. ನಾಳೆ ಆಸ್ಪತ್ರೆಗೆ ಹೋಗೋದರದೇ ಯೋಚನೆ, ಅಲ್ವಾ? ಹತ್ತು ಗಂಟೆಗಲ್ಲವಾ ಬರಹೇಳಿರೋದು? ದೇವರಿದ್ದಾನೆ. ಕಾಲಿನ ಕಿರುಬೆರಳು ತೆಗೆದಾಗಲೂ ಅವನೇ ಇದ್ದ, ನಾಳೆಯೂ ಅವನೇ ಇರ್ತಾನೆ. ಸಕ್ಕರೆ ಇಳಿದಿದ್ರೆ ಗಾಯ ತಾನಾಗೇ ಮಾಯುತ್ತೆ, ಇಳಿಯದೇ ಇದ್ರೆ ಅರ್ಧ ಪಾದದ ತನಕ… ಅಂತ ಡಾಕ್ಟರ್ ಹೇಳಿದ್ರು ಅಷ್ಟೇ. ಹೇಳಿದ್ದೆಲ್ಲ ಆಗಿಬಿಡುತ್ತಾ?

ಕಾಲನ್ನ ಸ್ಟೂಲಿನ ಮೇಲೆ ಸರಿಯಾಗಿ ಇಡು. ಬಟ್ಟೆ ಜಾರಿದೆ. ತಣ್ಣಗಾಗ್ತಿಲ್ವಾ? ಗೊತ್ತಾಗಲ್ಲ, ಹೌದು, ಮರೆತಿದ್ದೆ. ಆವತ್ತು ಗುಂಡುಪಿನ್ನು ಹೊಕ್ಕಿದ್ದೂ ನಿನಗೆ ಗೊತ್ತಾಗಿರಲಿಲ್ಲ, ನೆಲದ ಮೇಲೆ ರಕ್ತದ ಗುರುತು ನೋಡಿ ಸೊಸೆ ಕೂಗಿದ್ದು. ನಲವತ್ತು ವರ್ಷ ಹೊಲಿಗೆ ಮಷೀನಿನ ಪೆಡಲ್ ತುಳಿದ ಕಾಲು. ನನಗೂ ಈಚೆಗೆ ಹಾಗೇ ಅಕ್ಕಾ. ಕಾಲಲ್ಲ. ಬೆಳಗ್ಗೆ ಎದ್ದು ಕೈ ಮುಗಿದು ಕೂತ್ರೆ ಬಾಯಿ ಹೇಳ್ತಾ ಹೋಗುತ್ತೆ, ಒಳಗೆ ಏನೂ ಅನಿಸಲ್ಲ. ಮರದ ತುಂಡಿನ ಥರ. ವಯಸ್ಸು ಅಂದುಕೊಂಡಿದ್ದೀನಿ.

ಎಲ್ಲಿದ್ದಾಳೆ ನಿನ್ನ ಸೊಸೆ? ಮೇಲೆ ಬಟ್ಟೆ ಇಸ್ತ್ರಿ ಮಾಡ್ತಿದ್ದಾಳಾ? ಬೀಗದ ಕೈ ಇನ್ನೂ ಅವಳ ಸೊಂಟದಲ್ಲೇ ಇದೆಯಾ? ಅಡುಗೆಮನೆ ಕಪಾಟಿಗೆ ಬೀಗ ಹಾಕಿದ್ದು ನೋಡಿ ನನಗೂ ಒಂಥರಾ ಆಯ್ತು. ಆದ್ರೆ ಅವಳನ್ನೂ ತಪ್ಪು ಅನ್ನೋಕಾಗಲ್ಲ. ನೀನು ಬರೆಯೋ ಈ ಪುಸ್ತಕದಲ್ಲಿ ದಿನಕ್ಕೆ ನಲವತ್ತು ಗ್ರಾಂ ಮೀರಿಲ್ಲ, ಬೆರಳು ಚುಚ್ಚಿ ನೋಡಿದ್ರೆ ಸಕ್ಕರೆ ಇನ್ನೂರ ಅರವತ್ತು. ಕದ್ದು ತಿಂತೀಯೇನೋ ಅಂತ ಯಾರಿಗಾದ್ರೂ ಅನುಮಾನ ಬರುತ್ತೆ. ಡಾಕ್ಟರಿಗೇ ಬಂತು. ನಾನೂ ಪಕ್ಕದಲ್ಲೇ ಕೂತಿದ್ನಲ್ಲ ಆವತ್ತು. ಅವರು ಈ ಪುಸ್ತಕ ತಿರುವಿ ಹಾಕಿ, "ಅಮ್ಮಾ, ಪುಸ್ತಕ ಒಂದು ಹೇಳುತ್ತೆ, ರಕ್ತ ಇನ್ನೊಂದು ಹೇಳುತ್ತೆ. ರಕ್ತಕ್ಕೆ ಸುಳ್ಳು ಹೇಳೋಕೆ ಬರಲ್ಲ" ಅಂದ್ರು. ನಿನ್ನ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. "ನಾನು ಅಳತೆ ತಪ್ಪಿದವಳಲ್ಲ ಸ್ವಾಮಿ" ಅಂದೆ. ಅಷ್ಟೇ ಅಂದೆ.

ತಪ್ಪಿದವಳಲ್ಲ, ಅದು ನನಗೆ ಗೊತ್ತಿಲ್ವಾ? ನನ್ನ ಶಾಲೆ ಚಡ್ಡಿ ನೀನೇ ಹೊಲಿದಿದ್ದು. ಒಂದು ಸಲ ಕಾಲುದ್ದ ಅರ್ಧ ಇಂಚು ಹೆಚ್ಚು ಕಡಿಮೆ ಆಗಿತ್ತು, ಮೇಲೆ ಒಂದು ಹೊಲಿಗೆ ಹಾಕಿಬಿಡು, ಶಾಲೆಗೆ ಹೊತ್ತಾಯ್ತು ಅಂತ ನಾನು ಅಳ್ತಾ ನಿಂತಿದ್ದೆ. ನೀನು ಕೇಳಲೇ ಇಲ್ಲ. ತಪ್ಪು ಹೊಲಿಗೆ ಮೇಲೆ ಇನ್ನೊಂದು ಹೊಲಿಗೆ ಹಾಕಬಾರದು ಕಣೋ, ಎಲ್ಲಿ ತಪ್ಪಿತು ಅಂತ ಹುಡುಕಿ ಅಲ್ಲಿಂದ ಬಿಚ್ಚಬೇಕು ಅಂತ ಪೂರ್ತಿ ಬಿಚ್ಚಿದೆ. ಆವತ್ತು ಮೇಷ್ಟ್ರು ನನ್ನನ್ನ ಹೊರಗೆ ನಿಲ್ಲಿಸಿದ್ರು. ಅಮ್ಮ ಹೋದ ಮೇಲೆ ನನಗೆ ಅಮ್ಮ ಅಂದ್ರೂ ನೀನೇ, ಅಕ್ಕ ಅಂದ್ರೂ ನೀನೇ.

ಸರಿ, ಬರಿ. ಇನ್ನು ಉಳಿದಿದ್ದು ನಾನು ತಂದಿದ್ದು. ಬೀಜದ ಬಿಸ್ಕತ್ತು, ನಾಲ್ಕು ಪೊಟ್ಟಣ. ಎಂದಿನ ಹಾಗೆ ಸುಕ್ಕು ಲೇಬಲಿನವು, ಅಂಗಡಿಗೆ ಹೋಗಲ್ಲ ಅಂತ ಕಾರ್ಖಾನೆಯಲ್ಲಿ ನಮಗೇ ಕೊಡ್ತಾರೆ. ಇದನ್ನ ಓದೋದೇ ಬೇಡ, ನಿನಗೆ ಬಾಯಿಪಾಠ. ಓದಬೇಕಾ? ಸರಿ. ಒಂದು ಬಿಸ್ಕತ್ತಿಗೆ ಕಾರ್ಬು… ಎರಡು ಗ್ರಾಂ. ಹೀಗೇ ಬರೆದಿದೆ, ನೋಡು. ಬರೆದದ್ದನ್ನೇ ಓದ್ತಿದ್ದೀನಿ.

ದಿನಕ್ಕೆ ಎಷ್ಟು ತಿಂತೀಯ ಈಗ? ಹತ್ತಾ? ಮೊದಲು ನಾಲ್ಕಿತ್ತು. ಹೌದು… ಸಕ್ಕರೆ ಇಳಿಯಲಿಲ್ಲ ಅಂತ ಅನ್ನ ಬಿಟ್ಟೆ, ರೊಟ್ಟಿ ಬಿಟ್ಟೆ, ಹಣ್ಣೂ ಬಿಟ್ಟೆ, ಹಸಿವಾದ್ರೆ ಇದೊಂದೇ ಅಂತ ಇದನ್ನೇ ಹೆಚ್ಚು ಮಾಡಿದೆ. ಸ್ವಲ್ಪ ಕಡಿಮೆ ಮಾಡಬಹುದೇನೋ ಅಕ್ಕಾ. ಅಲ್ಲ, ಸುಮ್ಮನೆ ಹೇಳಿದೆ. ಒಂದೇ ವಸ್ತು ದಿನಾ ತಿಂದ್ರೆ ನಾಲಿಗೆಗೂ ಬೇಸರ ಅಂತ. ಹಿಂದೆಯೂ ಒಂದೆರಡು ಸಲ ಹೇಳಿದ್ದೆ. ನೀನೇ ಕೇಳಲಿಲ್ಲ.

ಏನದು? ಮಡಿಲಲ್ಲಿ ಏನಿಟ್ಟುಕೊಂಡಿದ್ದೀಯ?

ಓ. ಇದೂ ನಮ್ಮ ಬಿಸ್ಕತ್ತೇ. ಇದು ಎಲ್ಲಿಂದ ಬಂತು? ಸೊಸೆ ತಂದಳಾ? ಅಂಗಡಿಯಿಂದ? ಹಾಂ, ಹೋದ ವಾರ ನಾನು ಮೂರೇ ಪೊಟ್ಟಣ ತಂದಿದ್ದೆ, ಮುಗಿದುಹೋಯ್ತೇನೋ. ಫೋನ್ ಮಾಡಬಾರದಾಗಿತ್ತಾ? ನಾನೇ ತಂದುಕೊಡ್ತಿದ್ದೆ. ಸುಮ್ಮನೆ ದುಡ್ಡು ದಂಡ.

ಇದನ್ನೂ ಓದಬೇಕಾ? ಎರಡೂ ಒಂದೇ ಅಲ್ವಾ ಅಕ್ಕಾ. ಅದೇ ಬಿಸ್ಕತ್ತು, ಅದೇ ಕಾರ್ಖಾನೆ. ಹಸಿರು ಪಟ್ಟಿ ಒಂದು ಹೊಸದಾಗಿ ಹಾಕಿದ್ದಾರೆ ಅಷ್ಟೇ, ಅಂದಕ್ಕೆ.

ಸರಿ, ಸರಿ. ಓದ್ತೀನಿ. ಕೈ ಹಿಡೀಬೇಡ. ಒಂದು ಬಿಸ್ಕತ್ತಿಗೆ… ಬೆಳಕು ಸಾಲದು ಇಲ್ಲಿ… ಕಾರ್ಬು…

ಎರಡು. ಇದರಲ್ಲೂ ಎರಡೇ.

ಬರಿ ಅಕ್ಕಾ.

ಯಾಕೆ ಬರೀತಿಲ್ಲ? ಪೆನ್ಸಿಲ್ ಮೊನೆ ಮುರೀತಾ? ಎರಡು ಅಂದೆನಲ್ಲ. ಇದರ ಮುಂದೆಯೂ ಎರಡು ಅಂತ ಹಾಕು, ಮುಗೀತು. ನಾನು ಎದ್ದು ಚಹಾ ಇಡ್ತೀನಿ, ಸಕ್ಕರೆ ಇಲ್ಲದ್ದು, ಇಬ್ಬರಿಗೂ.

ಭೂತಗನ್ನಡಿ ಯಾಕೆ ನನ್ನ ಕಡೆ ತಳ್ತೀಯ? ನಾನು ಕನ್ನಡಕ ಹಾಕಿದ್ದೀನಲ್ಲ.

ಮಹಡಿ ಕಡೆ ಯಾಕೆ ಕಣ್ಣು ಎತ್ತಿದೆ ಅಕ್ಕಾ?

…ಸೊಸೆ ಓದಿ ಹೇಳಿದ್ದಾಳಾ? ಮೊದಲೇ?

ಓದಿ ಹೇಳಿದ್ದಾಳೆ.

ಗೊತ್ತಿದ್ದೂ ನನ್ನ ಕೈಗೆ ಕೊಟ್ಟೆ. ಸರಿ. ಅದೂ ಸರಿಯೇ. ಏಳು ಅಕ್ಕಾ. ಏಳು ಅಂತ ಇದೆ. ಒಂದು ಬಿಸ್ಕತ್ತಿಗೆ ಏಳು ಗ್ರಾಂ. ಇಲ್ಲಿ, ನನ್ನ ಬೆರಳಿರೋ ಕಡೆ. ಕಣ್ಣು ಜಾರಿದ್ದಲ್ಲ. ನೋಡಿಯೇ ಎರಡು ಅಂದೆ.

ಚಹಾ ಆಮೇಲೆ, ಕೂತ್ಕೊಂಡೇ ಹೇಳ್ತೀನಿ. ಬಿಸ್ಕತ್ತಿನ ಹದ ಬದಲಾಯಿಸಿದ್ರು. ಬಾದಾಮಿ ಹಿಟ್ಟು ತುಟ್ಟಿ ಆಯ್ತು ಅಂತ ಅರ್ಧಕ್ಕೆ ಅರ್ಧ ಕಾರ್ನ್‌ಫ್ಲೋರ್ ಸೇರಿಸಿದ್ರು. ಲೇಬಲ್ ಮಾತ್ರ ಹಳೇದೇ ಇತ್ತು. ಗೋದಾಮಿನಲ್ಲಿ ಅರವತ್ತು ರೋಲು ಉಳಿದಿತ್ತು. ನಮ್ಮಲ್ಲಿ ಮೊದಲಿಂದಲೂ ಹಾಗೇ, ಹಳೇ ರೋಲು ಮುಗಿಯೋ ತನಕ ಹೊಸದು ಮಷೀನಿಗೆ ಹತ್ತಲ್ಲ. ಹಿಂದೆ ಡಬ್ಬಿ ಮೇಲಿನ ಚಿತ್ರ ಬದಲಾದಾಗ ಹಾಗೇ ಮಾಡಿದ್ವಿ, ಕಾರ್ಖಾನೆ ವಿಳಾಸ ಬದಲಾದಾಗಲೂ. ಸೂಪರ್‌ವೈಸರ್ ಬಂದು, "ಸಾಧುಗಳೇ, ಹಳೇದೇ ಓಡಲಿ, ಎಸೆಯೋಕಾಗುತ್ತಾ?" ಅಂದ. ಅಲ್ಲಿ ನನ್ನನ್ನ ಎಲ್ಲರೂ ಸಾಧು ಅಂತಾರಲ್ಲ. ಬೆಳಗಿನ ಪಾಳಿಯ ಪ್ರಾರ್ಥನೆ ನಾನೇ ಹೇಳಿಸೋದು ಅಂತ. ಕಣ್ಣು ಮುಚ್ಚಿ ಪ್ರಾರ್ಥನೆ ಹೇಳಿಸಿದೆ, ಕಣ್ಣು ತೆಗೆದು ಮಷೀನ್ ಹಾಕಿದೆ.

ನನಗೂ ಗೊತ್ತಾಗಿದ್ದು ಹೋದ ವಾರವೇ ಅಕ್ಕಾ. ಹೊಸ ರೋಲು ಬಂದ ಮೇಲೆ.

…ನೀನು ಹಾಗೆ ಸುಮ್ಮನೆ ಕೂತ್ರೆ ನನಗೆ ಹೇಳೋಕಾಗಲ್ಲ. ಬೈದಾದ್ರೂ ಬಿಡು.

ಹೋದ ವಾರ ಅಲ್ಲ. ಒಂದು ತಿಂಗಳಾಯ್ತು. ಡಾಕ್ಟರ್ ನಿನ್ನನ್ನ ಕೇಳಿದ್ರಲ್ಲ, ಆವತ್ತು ಗೊತ್ತಿತ್ತು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರೆ. ರಕ್ತಕ್ಕೆ ಸುಳ್ಳು ಹೇಳೋಕೆ ಬರಲ್ಲ ಅಂತ ಅವರು ನಿನಗೆ ಹೇಳಿದಾಗ ಹೆಗಲು ಮುಟ್ಟಿಕೊಂಡವನು ನಾನು. ಆದ್ರೆ ಬಾಯಿ ತೆಗೀಲಿಲ್ಲ. ಬಸ್ಸಿನಲ್ಲಿ ಬರ್ತಾ ನಿನಗೆ ಏನು ಹೇಳಿದೆ, ನೆನಪಿದೆಯಾ? ನೆನಪಿಲ್ಲದೆ ಇರುತ್ತಾ. "ಅಕ್ಕಾ, ಗೊತ್ತಿದ್ದೋ ಗೊತ್ತಿಲ್ಲದೆಯೋ ಏನಾದ್ರೂ ಮುಚ್ಚಿಟ್ಟಿದ್ರೆ ದೇವರ ಮುಂದೆ ಹೇಳಿಬಿಡು, ಮನಸ್ಸು ಹಗುರ ಆಗುತ್ತೆ" ಅಂದೆ. ನಾನು ಅಂದೆ. ನೀನು ಕಿಟಕಿ ಕಡೆ ತಿರುಗಿ ಕೂತೆ. ಆಮೇಲೆ ಆ ವಾರ ಎಲ್ಲ ನೀನು ನಿದ್ದೆಯಲ್ಲಿ ಎದ್ದು ತಿಂತೀನೇನೋ ಅಂತ ನಿನ್ನ ಮೇಲೇ ಅನುಮಾನಪಟ್ಟು, ಕಪಾಟಿಗೆ ಬೀಗ ಹಾಕು ಅಂತ ಸೊಸೆಗೆ ನೀನೇ ಹೇಳಿದೆಯಂತೆ. ಅವಳು ನನಗೆ ಹೇಳಿದಳು. ನಾನು ಕೇಳಿ ತಲೆ ಆಡಿಸಿದೆ.

ನನಗೆ ಇನ್ನು ನಾಲ್ಕು ವರ್ಷ ಸರ್ವಿಸ್ ಇದೆ ಅಂತ ಭಯ ಇತ್ತು. ನಿನಗೆ ಹೇಳಿದ್ರೆ ನೀನು ಸುಮ್ಮನಿರೋಳಲ್ಲ, ಕೋಲು ಊರಿಕೊಂಡು ಕಾರ್ಖಾನೆ ಗೇಟಿಗೆ ಬರ್ತಿದ್ದೆ. ಆದ್ರೆ ಅದೂ ಪೂರ್ತಿ ನಿಜ ಅಲ್ಲ ಅಕ್ಕಾ. ಮೊದಲನೇ ಭಾನುವಾರ ಪೊಟ್ಟಣ ನಿನ್ನ ಕೈಗೆ ಕೊಟ್ಟುಬಿಟ್ಟಿದ್ದೆ. ಎರಡನೇ ಭಾನುವಾರ ಹೇಳಬೇಕು ಅಂದ್ರೆ ಮೊದಲನೇದನ್ನೂ ಹೇಳಬೇಕು. ಮೂರನೇ ವಾರಕ್ಕೆ ಎರಡು ವಾರದ್ದು ಸೇರಿತು. ತರೋದು ನಿಲ್ಲಿಸಿದ್ರೆ ಯಾಕೆ ಅಂತ ಕೇಳ್ತೀಯ. ಅದಕ್ಕೇ ತರ್ತಾ ಹೋದೆ. ಇಷ್ಟೇ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದೆ, ಸಿಗಲಿಲ್ಲ.

ಬೆರಳು ತೆಗೆದಿದ್ದು ಅದಕ್ಕೂ ಮುಂಚೆ. ನೀನು ಲೆಕ್ಕ ಹಾಕ್ತಿದ್ದೀಯ, ನನಗೆ ಗೊತ್ತಾಗ್ತಿದೆ. ಒಂದು ತಿಂಗಳು ಅಂದೆನಲ್ಲ, ಬೆರಳು ಹೋಗಿ ಎರಡಾಯ್ತು ಅಂತ. ಆಪರೇಷನ್ ಕೋಣೆ ಹೊರಗೆ ಬೆಂಚಿನ ಮೇಲೆ ಕೂತು ನಾನು ಪ್ರಾರ್ಥನೆ ಮಾಡ್ತಿದ್ದೆ. ನಿನ್ನ ಬೆರಳು ಉಳಿಸು ಅಂತ ಅಲ್ಲ. ಯಾರೂ ನನ್ನನ್ನ ಏನೂ ಕೇಳದ ಹಾಗೆ ಮಾಡು ಅಂತ. ಹಾಗೆ ಕೇಳಿಕೊಂಡೆ ಅಂತ ಈಗ ಹೇಳ್ತಾ ಹೇಳ್ತಾ ತಿಳೀತಿದೆ. ಆಗಲೂ ಗೊತ್ತಿತ್ತು ಅಕ್ಕಾ.

ಅಳು ಬರ್ತಿಲ್ಲ ನೋಡು. ಬರಬೇಕಿತ್ತು.

ದೇವರಿಗೆ ಮಾತ್ರ ದಿನಾ ಹೇಳ್ತಿದ್ದೆ. ಅವನ ಹತ್ತಿರ ಒಂದಕ್ಷರ ಮುಚ್ಚಿಟ್ಟಿಲ್ಲ. ಇಂಥ ದಿನ ಇಷ್ಟು ಪೊಟ್ಟಣ, ಇಂಥ ದಿನ ಅಕ್ಕನ ಮನೆಗೆ ಇಷ್ಟು ಅಂತ ಎಲ್ಲ. ಅವನು ಸುಮ್ಮನೆ ಕೇಳ್ತಿದ್ದ, ಈಗ ನೀನು ಕೂತಿದ್ದೀಯಲ್ಲ, ಹಾಗೇ. ಆ ಮೌನವನ್ನ ನಾನು ಕ್ಷಮೆ ಅಂದುಕೊಂಡೆ. ಹೇಳಿದೆನಲ್ಲ, ಮುಗೀತಲ್ಲ ಅಂತ ಎದ್ದು ಬರ್ತಿದ್ದೆ. ಹೋಗಿ ಅಕ್ಕನಿಗೆ ಹೇಳು ಅಂತ ಅವನು ಕಾಯ್ತಾ ಇದ್ದನೇನೋ. ಹದಿನೇಳು ವಾರ ಕಾದು, ಸಾಕಾಗಿ, ನಿನ್ನ ಮಡಿಲಲ್ಲಿ ಈ ಪೊಟ್ಟಣ ಇಟ್ಟಿರಬೇಕು. ಕರುಣೆ ಇರೋನು. ನನಗೆ ಅವನ ಮೇಲೆ ಸಿಟ್ಟಿಲ್ಲ.

ಹದಿನೇಳು ವಾರ ಅಂದೆ. ಬಾಯಿಂದ ಬಂದೇಬಿಡ್ತು.

ಪುಸ್ತಕ ಯಾಕೆ ನನಗೆ ಕೊಡ್ತೀಯ? ಪೆನ್ಸಿಲೂ… ನಾನು ಏನು ಬರೀಲಿ ಅಕ್ಕಾ? ಇವತ್ತಿನದಾ? ಇವತ್ತಿನದಲ್ವಾ?

ಹಿಂದಿನ ಪುಟ. ಇನ್ನೂ ಹಿಂದೆ. ಸರಿ, ತಿರುವ್ತೀನಿ, ನೀನು ಬಗ್ಗಬೇಡ, ಕಾಲು ಸ್ಟೂಲಿಂದ ಜಾರುತ್ತೆ. ಇಲ್ಲಾ? ಇನ್ನೂ ಹಿಂದಾ? ಎಲ್ಲಾ ಪುಟದಲ್ಲೂ ನಿನ್ನ ಅಕ್ಷರ ಎಷ್ಟು ದುಂಡಗೆ ಇದೆ. ಗುಂಡಿಗೆ ಕಾಜು ಹೊಲಿದ ಹಾಗೆ. ಸಾಲಿನಿಂದ ಒಂದೂ ಆಚೆ ಹೋಗಿಲ್ಲ.

ತಿಳೀತು. ಎಲ್ಲಿ ತಪ್ಪಿತು ಅಂತ ಹುಡುಕಬೇಕು. ಅಲ್ಲಿಂದ ಬಿಚ್ಚಬೇಕು.

ಹುಡುಕೋದು ಬೇಡ ಅಕ್ಕಾ. ಆ ದಿನ ನನಗೆ ಗೊತ್ತು. ಮಾರ್ಚ್ ಹತ್ತೊಂಬತ್ತು, ಗುರುವಾರ, ಹೊಸ ಲೇಬಲಿನ ಮಾದರಿ ನನ್ನ ಕೈಗೇ ಕೊಟ್ಟಿದ್ರು, ಮಷೀನಿಗೆ ಹೊಂದುತ್ತಾ ನೋಡು ಅಂತ. ಅಳತೆ ನೋಡಿದೆ. ಓದಿದೆ. ಅಂಟಿಸೋನು ಓದಲ್ಲ ಅಂದೆನಲ್ಲ ಆಗ, ಅದೂ ಸುಳ್ಳು. ಏಳು ಅಂತ ಇತ್ತು. ನಿನ್ನದೇ ನೆನಪು ಬಂತು, ಬೇರೆ ಯಾರದೂ ಅಲ್ಲ. ಮೂರು ದಿನ ಬಿಟ್ಟು ಭಾನುವಾರ ಹಳೇ ಲೇಬಲಿನ ಎರಡು ಪೊಟ್ಟಣ ಚೀಲಕ್ಕೆ ಹಾಕಿಕೊಂಡು ಇಲ್ಲಿಗೆ ಬಂದೆ. ಇದೇ ಕುರ್ಚಿ. ನೀನು ಬಾಗಿಲು ತೆಗೆದು, ಬಾರೋ ನನ್ನ ಕಣ್ಣೇ ಅಂದೆ. ಸಣ್ಣ ಅಕ್ಷರ ನಿನಗೆ ಕಾಣಿಸಲ್ಲ, ಓದಿಕೊಡೋಕೆ ನಾನು ಬಂದೆ ಅಂತ.

ಮೆಟ್ಟಿಲ ಮೇಲೆ ಸದ್ದಾಯ್ತು. ಅವಳೇ.

ಬಾಮ್ಮಾ. ಇಸ್ತ್ರಿ ಮುಗೀತಾ? ಕೂತ್ಕೋ. ಇಲ್ಲ, ಅತ್ತೆಗೆ ಏನೂ ಆಗಿಲ್ಲ, ಕೂತ್ಕೋ ಅಂದೆ ಅಷ್ಟೇ. ಮೊದಲು ಆ ಬೀಗದ ಕೈ ತೆಗೆದು ಮೇಜಿನ ಮೇಲಿಡು. ನಿನ್ನ ಅತ್ತೆ ಒಂದು ಚೂರೂ ಕದ್ದು ತಿಂದಿಲ್ಲ. ಅವಳು ಬರೆದಿದ್ದು ಎಲ್ಲ ಸರಿ, ನಾನು ಓದಿದ್ದು ಸರಿ ಇರಲಿಲ್ಲ. ಹೇಗೆ ಅಂತ ಹೇಳ್ತೀನಿ, ಪೂರ್ತಿ ಹೇಳ್ತೀನಿ. ನಾಳೆ ಹತ್ತು ಗಂಟೆಗೆ ಡಾಕ್ಟರ್ ಮುಂದೆಯೂ ಇದೇ ಹೇಳ್ತೀನಿ, ಅಲ್ಲಿಂದ ನೇರ ಕಾರ್ಖಾನೆ ಆಫೀಸಿಗೆ. ಬೇರೆ ಮನೆಗಳಲ್ಲೂ ಯಾರ್ಯಾರ ಅಕ್ಕಂದಿರು ಹೀಗೇ ಬರೆದುಕೊಂಡು ಕೂತಿದ್ದಾರೋ. ಇವತ್ತಿನ ತನಕ ಅವರ ಯೋಚನೆಯೇ ನನಗೆ ಬಂದಿರಲಿಲ್ಲ.

ಅಕ್ಕಾ, ನಾಳೆ ನಾನೂ ಜೊತೆಗೆ ಬರಲಾ? ಬೇಡ ಅಂದ್ರೂ ಬರ್ತೀನಿ. ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತ್ಕೋತೀನಿ.

ಏನೂ ಹೇಳಬೇಡ. ಹೇಳಬೇಕು ಅಂತಲೂ ಇಲ್ಲ. ಪುಟ ಸಿಕ್ತು, ಇಲ್ಲಿದೆ. ಹಳೇ ಅಂಕಿ ಅಳಿಸಲ್ಲ, ಹಾಗೇ ಇರಲಿ, ಪಕ್ಕದಲ್ಲಿ ಬರೀತೀನಿ. ಡಾಕ್ಟರ್ ಎರಡನ್ನೂ ನೋಡಲಿ.

ಮಾರ್ಚ್ ಇಪ್ಪತ್ತೆರಡು, ಭಾನುವಾರ. ಬಿಸ್ಕತ್ತು ನಾಲ್ಕು. ನೀನು ಎಂಟು ಅಂತ ಬರೆದಿದ್ದೀಯ. ಇಪ್ಪತ್ತೆಂಟು.

ಇಪ್ಪತ್ಮೂರು, ಸೋಮವಾರ. ನಾಲ್ಕು. ಎಂಟು ಅಂತ ಇದೆ.

ಇಪ್ಪತ್ತೆಂಟು.